ವಾಕಿ-ಟಾಕಿಗೆ ವಾಹನದಲ್ಲಿ ಚಾರ್ಜ್: ಸೆಟ್ಟಿನ ಬ್ಯಾಟರಿ ಸಾಯುವುದೇಕೆ, ಜೀಪು ಸ್ಟಾರ್ಟ್ ಆಗದಿರುವುದೇಕೆ?

ಪ್ರಶ್ನೆ: ನಮ್ಮ ಕಾವಲು ತಂಡದಲ್ಲಿ ಆರು ವಾಕಿ-ಟಾಕಿಗಳಿವೆ. ಓಡಾಟಕ್ಕೆ ಮೂರು ಜೀಪು, ಒಂದು ಲಾರಿ. ಬ್ಯಾಟರಿಗಳು 7.4 ವೋಲ್ಟ್, 2000 ಎಂಎಎಚ್ ಲಿಥಿಯಂ. ಸೆಟ್ ಜತೆ ಬಂದ ಮೇಜಿನ ಚಾರ್ಜರ್ ಸ್ಟ್ಯಾಂಡನ್ನೇ ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿ, ಅದರ ಅಡಾಪ್ಟರ್ ತೆಗೆದುಹಾಕಿ (ಅದರ ಮೇಲೆ 10 ವೋಲ್ಟ್, 500 ಎಂಎ ಎಂದಿದೆ) ವಾಹನದ ಬ್ಯಾಟರಿಯಿಂದ ನೇರ ವೈರ್ ಕೊಟ್ಟಿದ್ದೇವೆ. ಲಾರಿಯಲ್ಲಿ ಮೊದಲ ದಿನವೇ ಸ್ಟ್ಯಾಂಡ್ ಹೊಗೆಯಾಡಿತು. ಜೀಪುಗಳಲ್ಲಿ ಕೆಲಸವೇನೋ ಆಯಿತು. ಆದರೆ ವರ್ಷ ತುಂಬುವ ಮೊದಲೇ ಸೆಟ್ಟಿನ ಬ್ಯಾಟರಿ ಅರ್ಧ ದಿನವೂ ಬರುತ್ತಿಲ್ಲ. ಹತ್ತು ದಿನ ನಿಂತಿದ್ದ ಒಂದು ಜೀಪು ಸ್ಟಾರ್ಟೇ ಆಗಲಿಲ್ಲ. ಚಾರ್ಜರ್ ಆನ್ ಇದ್ದರೆ ದೂರದ ಸೆಟ್‌ಗಳು ಕೇಳಿಸುವುದೂ ಇಲ್ಲ. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಿ ಎಂದು ಒಬ್ಬರು, ಇನ್ವರ್ಟರ್ ಇಟ್ಟುಕೊಳ್ಳಿ ಎಂದು ಇನ್ನೊಬ್ಬರು ಹೇಳುತ್ತಾರೆ. ವಾಹನಕ್ಕೆಂದೇ ಬರುವ ಚಾರ್ಜರ್ ಕೊಳ್ಳಬೇಕೆ? ಸೆಟ್ ಚಾರ್ಜರ್‌ನಲ್ಲಿರುವಾಗಲೇ ಮಾತಾಡಬಹುದೆ?

ಉತ್ತರ: ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಮೂರಕ್ಕೆ ಬೇರು ಎರಡೇ: ಸ್ಟ್ಯಾಂಡ್ ಇರುವ ಜಾಗ, ಅದಕ್ಕೆ ಕರೆಂಟ್ ಬರುತ್ತಿರುವ ದಾರಿ. ಹೊಸ ಚಾರ್ಜರ್ ತಂದು ಹಳೆಯ ಜಾಗದಲ್ಲೇ ಕೂರಿಸಿ, ಹಳೆಯ ವೈರಿಗೇ ಜೋಡಿಸಿದರೆ ಮುಂದಿನ ವರ್ಷವೂ ಇದೇ ಪ್ರಶ್ನೆ ಉಳಿಯುತ್ತದೆ. ಹಾಗಾಗಿ ಕೊಳ್ಳುವ ಮಾತನ್ನು ಸ್ವಲ್ಪ ಮುಂದಕ್ಕೆ ಇಡುತ್ತೇನೆ.

ಮೊದಲು ಲಾರಿ. ವಾಹನದ ಬ್ಯಾಟರಿಯನ್ನು 12 ವೋಲ್ಟ್ ಎಂದು ಕರೆಯುವುದು ವಾಡಿಕೆ, ಅಷ್ಟೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ವಿದ್ಯುತ್ ಜನಕ) ಅದನ್ನು 13.8ರಿಂದ 14.4ಕ್ಕೆ ಏರಿಸುತ್ತದೆ. ಸ್ಟಾರ್ಟರ್ ತಿರುಗುವ ಆ ಕ್ಷಣದಲ್ಲಿ 9–10 ವೋಲ್ಟ್‌ಗೆ, ಚಳಿಯಲ್ಲಿ ಅದಕ್ಕೂ ಕೆಳಕ್ಕೆ ಕುಸಿಯುತ್ತದೆ. ಇನ್ನು ಬಹಳಷ್ಟು ಲಾರಿಗಳಲ್ಲಿ ಇರುವುದು 24 ವೋಲ್ಟ್ ವ್ಯವಸ್ಥೆ. ಎಂಜಿನ್ ಓಡುವಾಗ 28 ವೋಲ್ಟ್. ನಿಮ್ಮ ಸ್ಟ್ಯಾಂಡ್ ನಿರೀಕ್ಷಿಸುವುದು 10.

ಇಂಥ ಸಾದಾ ಸ್ಟ್ಯಾಂಡ್‌ಗಳಲ್ಲಿ ಹೆಚ್ಚಿನವು ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಸುಟ್ಟು ಕಳೆಯುವ ಬಗೆಯವು. ಲೆಕ್ಕ ಸರಳ. ಬ್ಯಾಟರಿ 7.4 ವೋಲ್ಟ್‌ನಲ್ಲಿದ್ದು 0.5 ಆಂಪಿಯರ್ ಹರಿಯುತ್ತಿದ್ದರೆ, 10 ವೋಲ್ಟ್ ಅಡಾಪ್ಟರ್‌ನಲ್ಲಿ ಸ್ಟ್ಯಾಂಡ್ ಒಳಗೆ ಹುಟ್ಟುವ ಶಾಖ 1.3 ವ್ಯಾಟ್. ಜೀಪಿನ 14.2 ವೋಲ್ಟ್‌ನಲ್ಲಿ ಅದು 3.4 ವ್ಯಾಟ್. ಲಾರಿಯ 28 ವೋಲ್ಟ್‌ನಲ್ಲಿ 10 ವ್ಯಾಟ್‌ಗೂ ಮೇಲೆ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹೀಟ್ ಸಿಂಕ್ (ಶಾಖ ಹೊರಹಾಕುವ ಲೋಹದ ತಟ್ಟೆ) ಇಲ್ಲದ ಟ್ರಾನ್ಸಿಸ್ಟರ್ 10 ವ್ಯಾಟ್ ತಡೆದುಕೊಳ್ಳಲಾರದು. ಲಾರಿಯಲ್ಲಿ ಹೊಗೆ ಬಂದದ್ದು ಇದರಿಂದ. ಜೀಪಿನಲ್ಲಿ ಹೊಗೆ ಬರಲಿಲ್ಲ ಎಂದಮಾತ್ರಕ್ಕೆ ಅಲ್ಲಿ ಎಲ್ಲ ಸರಿಯಿದೆ ಎಂದಲ್ಲ: ಇರಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಶಾಖ, ಬ್ಯಾಟರಿಯ ಬುಡದಲ್ಲೇ, ಗಂಟೆಗಟ್ಟಲೆ ಹುಟ್ಟುತ್ತಿದೆ.

ಇದರ ಮೇಲೆ ಡ್ಯಾಶ್‌ಬೋರ್ಡಿನ ಬಿಸಿಲು. ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಲು ಸಾಮಾನ್ಯವಾಗಿ ಹೇಳುವ ಮಿತಿ 0ಯಿಂದ 45 ಡಿಗ್ರಿ ಸೆಲ್ಸಿಯಸ್. ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ವಾಹನದ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುವುದು ಅಪರೂಪವಲ್ಲ. ಲಿಥಿಯಂ ಸೆಲ್ಲನ್ನು ಬೇಗ ಮುದಿಯಾಗಿಸುವ ಸಂಗತಿ ಎರಡು: ಹೆಚ್ಚಿನ ಶಾಖ, ಮತ್ತು ಸದಾ ಪೂರ್ತಿ ಚಾರ್ಜ್‌ನಲ್ಲಿ, ಅಂದರೆ ಸೆಲ್ಲಿಗೆ 4.2 ವೋಲ್ಟ್‌ನಲ್ಲಿ, ಇರುವುದು. ಒಂದೊಂದೇ ಬಂದರೆ ಸಹಿಸುತ್ತದೆ. ಎರಡೂ ಕೂಡಿದರೆ ಒಳಗಿನ ದ್ರಾವಣ ಒಡೆಯುತ್ತದೆ, ಸಾಮರ್ಥ್ಯ ಕುಸಿಯುತ್ತದೆ, ಅನಿಲ ಹುಟ್ಟಿ ಪ್ಯಾಕ್ ಉಬ್ಬುತ್ತದೆ. ಡ್ಯಾಶ್‌ಬೋರ್ಡ್ ಮೇಲಿನ, ಯಾವಾಗಲೂ ಕರೆಂಟ್ ಇರುವ ಸ್ಟ್ಯಾಂಡ್ ಈ ಎರಡನ್ನೂ ದಿನವಿಡೀ ಒಟ್ಟಿಗೆ ಒದಗಿಸುತ್ತಿದೆ. ನಿಮ್ಮ ಬ್ಯಾಟರಿಗಳು ವರ್ಷದೊಳಗೆ ಸೋತದ್ದಕ್ಕೆ ಅವುಗಳ ಗುಣಮಟ್ಟವನ್ನು ದೂರುವ ಮೊದಲು ಇದನ್ನು ನೋಡಬೇಕು.

ಪ್ಯಾಕ್ ಒಳಗೆ ರಕ್ಷಣಾ ಬೋರ್ಡ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಸೆಲ್ 4.25–4.3 ವೋಲ್ಟ್ ಮುಟ್ಟಿದಾಗ ಅದು ದಾರಿ ಕಡಿಯುತ್ತದೆ. ಅದು ಬೆಂಕಿ ತಪ್ಪಿಸುವ ಕೊನೆಯ ತಡೆ. 60 ಡಿಗ್ರಿಯಲ್ಲಿ 4.2 ವೋಲ್ಟ್‌ನಲ್ಲಿ ಬೇಯುತ್ತಿರುವ ಸೆಲ್ಲನ್ನು ಅದು ಕಾಯುವುದಿಲ್ಲ. ಶಾಖವನ್ನು ಗಮನಿಸಬೇಕಾದದ್ದು ಚಾರ್ಜರ್. ಅದಕ್ಕಾಗಿ ಅನೇಕ ಪ್ಯಾಕುಗಳಲ್ಲಿ ಪ್ಲಸ್, ಮೈನಸ್ ಅಲ್ಲದೆ ಮೂರನೆಯ ಸಂಪರ್ಕವೊಂದು ಇರುತ್ತದೆ. ಒಳಗಿನ, ಶಾಖ ಅಳೆಯುವ ಥರ್ಮಿಸ್ಟರ್‌ಗೆ ಹೋಗುವ ದಾರಿ ಅದು. ನಿಮ್ಮ ಸ್ಟ್ಯಾಂಡ್ ತಿರುಗಿಸಿ ನೋಡಿ. ಎರಡೇ ಪಿನ್ ಇದ್ದರೆ ಬ್ಯಾಟರಿ ಎಷ್ಟು ಬಿಸಿಯಾಗಿದೆ ಎಂಬುದು ಆ ಸ್ಟ್ಯಾಂಡಿಗೆ ತಿಳಿಯುವ ಸಾಧ್ಯತೆ ಕಡಿಮೆ.

ಜೀಪು ಸ್ಟಾರ್ಟ್ ಆಗದ ವಿಷಯದಲ್ಲಿ ತಪ್ಪನ್ನೆಲ್ಲ ಚಾರ್ಜರ್ ಮೇಲೆ ಹೊರಿಸುವುದು ನ್ಯಾಯವಲ್ಲ. ಸುಮ್ಮನೆ ದೀಪ ಉರಿಸಿಕೊಂಡಿರುವ ಸ್ಟ್ಯಾಂಡ್ 30 ಮಿಲಿಆಂಪಿಯರ್ ಎಳೆಯುತ್ತದೆ ಎನ್ನಿ. ಹತ್ತು ದಿನಕ್ಕೆ 7.2 ಆಂಪಿಯರ್-ಅವರ್. 60 ಆಂಪಿಯರ್-ಅವರ್‌ನ ಹೊಸ ಬ್ಯಾಟರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ವಾಹನವೂ ಗಡಿಯಾರ, ಅಲಾರಂ ಎಂದು 40 ಮಿಲಿಆಂಪಿಯರ್ ತಿನ್ನುತ್ತಿದ್ದರೆ ಒಟ್ಟು 16.8. ಬ್ಯಾಟರಿ ಹಳೆಯದಾಗಿ ಅದರ ನಿಜವಾದ ಸಾಮರ್ಥ್ಯ 30ಕ್ಕೆ ಇಳಿದಿದ್ದರೆ ಅರ್ಧಕ್ಕೂ ಹೆಚ್ಚು ಹೋಯಿತು. ಸ್ಟಾರ್ಟರ್ ತಿರುಗಿಸುವ ಬಲ ಉಳಿಯುವುದಿಲ್ಲ. ಆ ಸ್ಟ್ಯಾಂಡಿನಲ್ಲಿ ಆನ್ ಆಗಿರುವ ಸೆಟ್ ಬೇರೆ ಇದ್ದರೆ ಇನ್ನೂ 50–70 ಮಿಲಿಆಂಪಿಯರ್ ಸೇರಿಸಿಕೊಳ್ಳಿ. ಊಹೆ ಬೇಡ, ಅಳೆಯಿರಿ: ಮಲ್ಟಿಮೀಟರನ್ನು 10 ಆಂಪಿಯರ್ ಶ್ರೇಣಿಯಲ್ಲಿಟ್ಟು, ಸ್ಟ್ಯಾಂಡಿನ ಫ್ಯೂಸ್ ತೆಗೆದು ಆ ಜಾಗದಲ್ಲಿ ಮೀಟರ್ ಜೋಡಿಸಿ ಓದಿಕೊಳ್ಳಿ, ಕರೆಂಟ್ ಕಡಿಮೆ ಎಂದು ಖಾತ್ರಿಯಾದ ಮೇಲೆ ಮಿಲಿಆಂಪಿಯರ್ ಶ್ರೇಣಿಗೆ ಬದಲಿಸಿ. ಆ ವೈರಿನಲ್ಲಿ ಫ್ಯೂಸೇ ಇಲ್ಲ ಎನ್ನುವುದಾದರೆ ಇವತ್ತೇ ಆ ವೈರನ್ನು ಬ್ಯಾಟರಿಯಿಂದ ಬಿಚ್ಚಿ. ಡ್ಯಾಶ್‌ಬೋರ್ಡ್ ಹಿಂದೆ ಎಲ್ಲೋ ತಗಡಿಗೆ ಉಜ್ಜಿ ಸಿಪ್ಪೆ ಹೋದ ವೈರ್, ಫ್ಯೂಸ್ ಇಲ್ಲದಿದ್ದರೆ ಕೆಂಪಗೆ ಕಾಯುವ ತಂತಿ.

ಪೂರ್ತಿ ಖಾಲಿ ಮಾಡಿ ಚಾರ್ಜ್ ಹಾಕಬೇಕೆಂಬ ಮಾತು ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಅವಕ್ಕೆ ಅರ್ಧಂಬರ್ಧ ಬಳಕೆಯ ‘ಮೆಮೊರಿ’ ತೊಂದರೆ ಇತ್ತು. ಲಿಥಿಯಂಗೆ ಅದಿಲ್ಲ, ಪೂರ್ತಿ ಖಾಲಿ ಮಾಡುವುದೇ ಅದಕ್ಕೆ ಹಾನಿ. 30–80 ಶೇಕಡಾ ನಡುವೆ ಓಡಾಡುವ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ನಿಮ್ಮಲ್ಲಿ ನಿಕಲ್-ಮೆಟಲ್ ಹೈಡ್ರೈಡ್ ಪ್ಯಾಕ್ ಏನಾದರೂ ಉಳಿದಿದ್ದರೆ ಬೇರೆ ಎಚ್ಚರ ಬೇಕು. ಅದರ ಚಾರ್ಜರ್, ತುಂಬಿದ ಕೊನೆಯಲ್ಲಿ ವೋಲ್ಟೇಜ್ ಕೊಂಚ ಇಳಿಯುವುದನ್ನು ಅಥವಾ ಶಾಖ ಏರುವುದನ್ನು ನೋಡಿ ನಿಲ್ಲುತ್ತದೆ. ವಾಹನದಲ್ಲಿ ಪ್ರತಿ ಸಲ ಕೀ ತಿರುಗಿಸಿದಾಗಲೂ ಚಾರ್ಜರ್ ಹೊಸದಾಗಿ ಶುರುವಾಗಿ, ಈಗಾಗಲೇ ತುಂಬಿದ ಪ್ಯಾಕಿಗೆ ಮತ್ತೆ ಪೂರ್ತಿ ಕರೆಂಟ್ ನೂಕುತ್ತದೆ. ಗೇಟಿನಿಂದ ಗೇಟಿಗೆ ನಿಂತು ನಿಂತು ಹೋಗುವ ಗಸ್ತು ವಾಹನದಲ್ಲಿ ಇದು ದಿನಕ್ಕೆ ಹತ್ತಾರು ಸಲ ಆಗುತ್ತದೆ. ಆ ಪ್ಯಾಕ್‌ಗಳನ್ನು ವಾಹನದಲ್ಲಿ ಚಾರ್ಜ್ ಮಾಡದಿರುವುದೇ ಮೇಲು.

ಚಾರ್ಜರ್‌ನಲ್ಲಿಟ್ಟುಕೊಂಡೇ ಮಾತಾಡುವ ವಿಷಯ. 5 ವ್ಯಾಟ್ ಹೊರಸೂಸುವ ಸೆಟ್, ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿದಾಗ ಬ್ಯಾಟರಿಯಿಂದ ಸುಮಾರು 1.5 ಆಂಪಿಯರ್ ಎಳೆಯುತ್ತದೆ. ನಿಮ್ಮ ಸ್ಟ್ಯಾಂಡ್ ಕೊಡುವುದು 0.5. ಉಳಿದ 1 ಆಂಪಿಯರ್ ಬ್ಯಾಟರಿಯಿಂದಲೇ ಹೋಗುತ್ತದೆ. ಅಂದರೆ ಮಾತಾಡುವಾಗ ಚಾರ್ಜ್ ಆಗುತ್ತಿಲ್ಲ, ಇಳಿಯುತ್ತಿದೆ. ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಸುಮ್ಮನೆ ಆನ್ ಇಟ್ಟ ಸೆಟ್‌ನಲ್ಲಿದೆ. ಲಿಥಿಯಂ ಚಾರ್ಜರ್ ಮೊದಲು ಸ್ಥಿರ ಕರೆಂಟ್ ಕೊಡುತ್ತದೆ, ಎರಡು ಸೆಲ್ಲಿಗೆ ಸೇರಿ 8.4 ವೋಲ್ಟ್ ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು ಕರೆಂಟ್ ತಾನಾಗಿ ಇಳಿಯಲು ಬಿಡುತ್ತದೆ. ಅದು ಬ್ಯಾಟರಿ ಸಾಮರ್ಥ್ಯದ ಇಪ್ಪತ್ತನೆಯ ಒಂದರಿಂದ ಹತ್ತನೆಯ ಒಂದು ಭಾಗಕ್ಕೆ, ನಿಮ್ಮ ಪ್ಯಾಕಿಗೆ 100–200 ಮಿಲಿಆಂಪಿಯರ್‌ಗೆ, ಇಳಿದಾಗ ‘ತುಂಬಿತು’ ಎಂದು ನಿಲ್ಲಿಸುತ್ತದೆ. ಸ್ಪೀಕರ್ ಮಾತಾಡುತ್ತಿರುವ ಸೆಟ್ ತಾನೇ ಅಷ್ಟು ಕರೆಂಟ್ ಎಳೆಯುತ್ತದೆ. ಚಾರ್ಜರ್‌ಗೆ ಕೊನೆ ಕಾಣುವುದೇ ಇಲ್ಲ, ಬ್ಯಾಟರಿ 8.4ರಲ್ಲೇ ನೇತಾಡುತ್ತಿರುತ್ತದೆ. ಆದ್ದರಿಂದ ಸಾದಾ ಸ್ಟ್ಯಾಂಡ್‌ನಲ್ಲಿ ಸೆಟ್ ಆಫ್ ಮಾಡಿಯೇ ಇಡಿ. ಮಾತಾಡಲೂ ಬೇಕು, ಚಾರ್ಜೂ ಆಗಬೇಕು ಎಂದರೆ ತಯಾರಕರು ಹಾಗೆಂದು ಸ್ಪಷ್ಟವಾಗಿ ಹೇಳಿರುವ ವಾಹನ ಅಡಾಪ್ಟರ್ ಮಾತ್ರ ಸರಿ; ಅವುಗಳಲ್ಲಿ ಹೊರಗಿನ ಆಂಟೆನಾಗೆ ಸಂಪರ್ಕ ಇರುವಂಥವೂ ಇವೆ. ಬ್ಯಾಟರಿ ಎಲಿಮಿನೇಟರ್ ಎಂಬುದು ಬೇರೆಯೇ ವಸ್ತು: ಬ್ಯಾಟರಿ ತೆಗೆದು ಆ ಜಾಗಕ್ಕೆ ಸಿಕ್ಕಿಸುವ ಖಾಲಿ ಪೆಟ್ಟಿಗೆ, ಸೆಟ್ಟಿಗೆ ವಾಹನದಿಂದ ನೇರ ಕರೆಂಟ್ ಕೊಡುತ್ತದೆ, ಏನನ್ನೂ ಚಾರ್ಜ್ ಮಾಡುವುದಿಲ್ಲ. ಅದನ್ನು ಚಾರ್ಜರ್ ಎಂದುಕೊಂಡು ಕೊಂಡವರು ಸಾಕಷ್ಟಿದ್ದಾರೆ.

ಈಗ ಕೊಳ್ಳುವ ಮಾತು.

ಹಣ ಹೊಂದುವುದಾದರೆ ನಿಮ್ಮ ಸೆಟ್ಟಿನ ಮಾದರಿಗೆಂದೇ ಮಾಡಿದ ವಾಹನ ಚಾರ್ಜರ್ ತೆಗೆದುಕೊಳ್ಳಿ. ಬೇರೆ ಯಾವುದಕ್ಕಿಂತ ಮೊದಲು ಇನ್‌ಪುಟ್ ಶ್ರೇಣಿ ಓದಿ. 11–16 ವೋಲ್ಟ್ ಎಂದಿದ್ದರೆ ಜೀಪಿಗೆ ಮಾತ್ರ. 10–32 ಎಂಬಂತಿದ್ದರೆ ಲಾರಿಗೂ ಆಗುತ್ತದೆ. ಥರ್ಮಿಸ್ಟರ್ ಪಿನ್ ಇದೆಯೇ, ಸೆಟ್ ಕುಲುಕಾಡದಂತೆ ಹಿಡಿಯುವ ಕೊಕ್ಕೆ ಇದೆಯೇ ನೋಡಿ. ರಸ್ತೆಯ ಕುಲುಕಾಟಕ್ಕೆ ಸ್ಪ್ರಿಂಗ್ ಪಿನ್ನುಗಳು ಬ್ಯಾಟರಿಯ ಸಂಪರ್ಕದ ಮೇಲೆ ಉಜ್ಜುತ್ತಲೇ ಇದ್ದು ಕಪ್ಪು ಪದರ ಕಟ್ಟುತ್ತದೆ. ದೀಪ ಹಸಿರು-ಕೆಂಪು ಎಂದು ಮಿನುಗತೊಡಗಿದರೆ ಬಹುತೇಕ ಇದೇ ಕಾರಣ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಉಪ್ಪುಕಾಗದ, ರಬ್ಬರ್ ಬೇಡ. ಮೇಲಿನ ಚಿನ್ನದ ಲೇಪನ ಹೋದರೆ ಆಮೇಲೆ ವಾರಕ್ಕೊಮ್ಮೆ ಒರೆಸಬೇಕಾಗುತ್ತದೆ. ಈ ದಾರಿಯ ಅನನುಕೂಲವೆಂದರೆ ಸೆಟ್ ಬದಲಾಯಿಸಿದ ದಿನ ಚಾರ್ಜರೂ ಬದಲಾಗಬೇಕು.

ಇರುವ ಸ್ಟ್ಯಾಂಡ್‌ಗಳನ್ನೇ ಉಳಿಸಿಕೊಳ್ಳಬೇಕಾದರೆ, ನಡುವೆ ವೋಲ್ಟೇಜ್ ಇಳಿಸುವ ಡಿಸಿ-ಡಿಸಿ ಕನ್ವರ್ಟರ್ ಹಾಕಿ. ಔಟ್‌ಪುಟ್ಟನ್ನು ಅಡಾಪ್ಟರ್ ಮೇಲೆ ಬರೆದಿರುವಷ್ಟಕ್ಕೇ, ನಿಮ್ಮಲ್ಲಿ 10.0 ವೋಲ್ಟ್‌ಗೆ, ಸ್ಟ್ಯಾಂಡ್ ಜೋಡಿಸುವ ಮೊದಲೇ ಮೀಟರ್ ಹಿಡಿದು ಹೊಂದಿಸಿ, ಹಾಗೆ ಹೊಂದಿಸುವ ತಿರುಪಿಗೆ ಒಂದು ಹನಿ ಅಂಟು ಹಾಕಿ. ಇಲ್ಲದಿದ್ದರೆ ಕುಲುಕಾಟಕ್ಕೆ ತಾನೇ ತಿರುಗುತ್ತದೆ. 1.5–2 ಆಂಪಿಯರ್ ತಾಳುವ ಕನ್ವರ್ಟರ್ ಸಾಕು. ಇದರಲ್ಲಿ ಮೂರು ಅಪಾಯಗಳಿವೆ. ಕನ್ವರ್ಟರಿನ ಸ್ವಿಚಿಂಗ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ವಾಹನದ ಪೂರ್ತಿ ವೋಲ್ಟೇಜ್ ಸ್ಟ್ಯಾಂಡಿಗೆ ನುಗ್ಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಸಡಿಲವಾಗಿ ಕಳಚಿದರೆ ಆಲ್ಟರ್ನೇಟರ್‌ನಿಂದ ಕ್ಷಣಕಾಲ ಹತ್ತಾರು ವೋಲ್ಟ್‌ಗಳ ಏರು ಬರುತ್ತದೆ. ಬಿಡಿಯಾಗಿ ಸಿಗುವ ಅಗ್ಗದ ಕನ್ವರ್ಟರ್ ಬೋರ್ಡ್‌ಗಳು ಅದಕ್ಕೇ ಸಾಯುವುದು. 12 ವೋಲ್ಟ್ ವಾಹನದಲ್ಲಿ ಇನ್‌ಪುಟ್ಟಿಗೆ ಅಡ್ಡಲಾಗಿ 24 ವೋಲ್ಟ್‌ನ ಟಿವಿಎಸ್ ಡಯೋಡ್ ಹಾಕಿದರೆ ಅದು ಸುಮಾರು 39 ವೋಲ್ಟ್‌ನಲ್ಲಿ ಏರನ್ನು ತಡೆಯುತ್ತದೆ; ಕನ್ವರ್ಟರ್ ಅದಕ್ಕಿಂತ ಮೇಲಿನ ವೋಲ್ಟೇಜ್ ತಾಳುವಂಥದಾಗಿರಬೇಕು. ಲಾರಿಗೆ ಈ ಕೈಗೆಲಸ ಬೇಡ, ವಾಹನಕ್ಕೆಂದೇ ಮಾಡಿದ, ಲೋಹದ ಪೆಟ್ಟಿಗೆಯ 24 ವೋಲ್ಟ್ ಕನ್ವರ್ಟರನ್ನೇ ತನ್ನಿ. ಮೂರನೆಯದು ಸದ್ದು: ಕನ್ವರ್ಟರಿನ ಸ್ವಿಚಿಂಗ್ ರೇಡಿಯೊದಲ್ಲಿ ತುಂಬುವ ವಿದ್ಯುತ್ ಗದ್ದಲ, ದೂರದ ಸೆಟ್ಟನ್ನು ಮುಚ್ಚಿಹಾಕುವುದು ಅದೇ.

ಕೇಳಿಸದಿರುವ ತೊಂದರೆಗೆ ಹೀಗೊಂದು ಪರೀಕ್ಷೆ ಮಾಡಿ. ಎಂಜಿನ್ ನಿಲ್ಲಿಸಿ, ಕೀ ಮಾತ್ರ ಆನ್ ಇಟ್ಟು, ದೂರದ ದುರ್ಬಲ ಸೆಟ್ ಒಂದು ಮಾತಾಡುತ್ತಿರುವಾಗ ನಿಮ್ಮ ಸೆಟ್ಟಿನ ಮಾನಿಟರ್ ಬಟನ್ ಒತ್ತಿ ಸ್ಕ್ವೆಲ್ಚ್ (ದುರ್ಬಲ ಸದ್ದನ್ನು ತಡೆದಿಡುವ ಬಾಗಿಲು) ತೆರೆಯಿರಿ. ಚಾರ್ಜರಿನ ಫ್ಯೂಸನ್ನು ಒಮ್ಮೆ ತೆಗೆದು, ಮತ್ತೆ ಸಿಕ್ಕಿಸಿ ನೋಡಿ. ಫ್ಯೂಸ್ ತೆಗೆದೊಡನೆ ಮಾತು ಸ್ವಚ್ಛವಾದರೆ ತಪ್ಪು ಆ ಲೈನಿನದೇ. ನೀವು ನೇರ ವೈರ್ ಕೊಟ್ಟಿದ್ದೂ ಹೀಗಾಗುತ್ತಿದ್ದರೆ ಸ್ಟ್ಯಾಂಡ್ ಒಳಗೇ ಸ್ವಿಚಿಂಗ್ ಸರ್ಕ್ಯೂಟ್ ಇರಬಹುದು, ಅಥವಾ ಅದೇ ಲೈನಿಗೆ ಫೋನ್ ಚಾರ್ಜರ್ ಸಿಕ್ಕಿಸಿರಬಹುದು. ಅದನ್ನೂ ತೆಗೆದು ನೋಡಿ. ಪರಿಹಾರ: ಇನ್‌ಪುಟ್ ಮತ್ತು ಔಟ್‌ಪುಟ್ ವೈರ್‌ಗಳಿಗೆ, ಸದ್ದು ಮಾಡುವ ಪೆಟ್ಟಿಗೆಯ ಬುಡದಲ್ಲೇ, ಕ್ಲಿಪ್ ಮಾಡುವ ಫೆರೈಟ್ (ಗದ್ದಲ ಹೀರುವ ಬಳೆ) ಹಾಕಿ ವೈರನ್ನು ಎರಡು-ಮೂರು ಸುತ್ತು ಸುತ್ತಿ. ಸೆಟ್ಟಿನ ಆವರ್ತನ ಪಟ್ಟಿ ವಿಎಚ್‌ಎಫ್ ಆದರೆ 43 ಎಂಬ ಬಗೆಯ ಫೆರೈಟ್ ಒಗ್ಗುತ್ತದೆ, ಅದಕ್ಕಿಂತ ಮೇಲಿನ ಯುಎಚ್‌ಎಫ್ ಆದರೆ 61. ಪ್ಲಸ್, ಮೈನಸ್ ಎರಡೂ ವೈರ್ ಒಟ್ಟಿಗೆ ಒಂದೇ ಫೆರೈಟ್ ಮೂಲಕ ಹೋಗಬೇಕು. ಕನ್ವರ್ಟರನ್ನು ಆಂಟೆನಾದಿಂದ ಒಂದು ಮೀಟರಾದರೂ ದೂರ ಒಯ್ಯುವುದು ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದೂ ಉಂಟು.

ಇನ್ವರ್ಟರ್ ನಾನು ಒಪ್ಪದ ದಾರಿ. 12ನ್ನು 230 ಮಾಡಿ, ಮತ್ತೆ ಅದನ್ನು 10ಕ್ಕೆ ಇಳಿಸುವುದರಲ್ಲಿ ಎರಡು ಕಡೆ ನಷ್ಟ, ಎರಡು ಕಡೆ ಸದ್ದು. ಏನೂ ಜೋಡಿಸದಿದ್ದರೂ ಅದು ತನಗಾಗಿ ಕರೆಂಟ್ ತಿನ್ನುತ್ತದೆ. ಮರೆತು ಆನ್ ಬಿಟ್ಟರೆ ಹತ್ತು ದಿನ ಕಾಯಬೇಕಿಲ್ಲ, ಎರಡೇ ದಿನದಲ್ಲಿ ಜೀಪು ಮಲಗಬಹುದು. ಕುಲುಕಾಡುವ ವಾಹನದಲ್ಲಿ 230 ವೋಲ್ಟ್ ಇರುವುದೂ ಒಳ್ಳೆಯದಲ್ಲ.

ಯಾವ ಚಾರ್ಜರ್ ಆದರೂ ವೈರಿಂಗ್ ಮಾತ್ರ ಹೀಗಿರಲಿ. ಕರೆಂಟನ್ನು ಫ್ಯೂಸ್ ಬಾಕ್ಸಿನಲ್ಲಿ, ಕೀ ಆ್ಯಕ್ಸೆಸರಿ ಸ್ಥಾನಕ್ಕೆ ಬಂದಾಗ ಮಾತ್ರ ಜೀವ ಬರುವ ಲೈನಿನಿಂದ ತೆಗೆದುಕೊಳ್ಳಿ. ಸ್ಟಾರ್ಟರ್ ತಿರುಗುವಾಗ ಬಹುತೇಕ ವಾಹನಗಳಲ್ಲಿ ಈ ಲೈನ್ ತಾನಾಗಿ ಕಡಿದುಹೋಗುವುದರಿಂದ ವೋಲ್ಟೇಜ್ ಕುಸಿತದ ಪೆಟ್ಟೂ ತಪ್ಪುತ್ತದೆ. ಒಂದು ಸೆಟ್ಟಿನ ಚಾರ್ಜರಿಗೆ ಫ್ಯೂಸ್ 3 ಆಂಪಿಯರ್, ಅದೂ ಚಾರ್ಜರ್ ಕಡೆಯಲ್ಲ, ಕರೆಂಟ್ ಹೊರಡುವ ತುದಿಯಲ್ಲಿ. ಫ್ಯೂಸ್ ಕಾಯುವುದು ವೈರನ್ನು. 1 ಚದರ ಮಿಲಿಮೀಟರ್‌ನ, ವಾಹನಕ್ಕೆ ಬಳಸುವ ಬಹು ಎಳೆಯ ವೈರ್ ಸಾಕು: ಹೋಗಿಬರುವ ಹತ್ತು ಮೀಟರಿಗೆ 0.17 ಓಮ್, 1 ಆಂಪಿಯರ್‌ಗೆ 0.2 ವೋಲ್ಟ್‌ಗಿಂತ ಕಡಿಮೆ ನಷ್ಟ. ಎಂಜಿನ್ ಕಡೆಯ ತಗಡನ್ನು ದಾಟುವಲ್ಲಿ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಹಾಕುವ ಬಳೆ). ಬಾಡಿ ಅರ್ಥ್‌ಗೆ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ವೈರಿನ ತುದಿಗೆ ಒತ್ತಿ ಕೂರಿಸಿದ ಲೋಹದ ಲಗ್‌ನಿಂದ ಬೋಲ್ಟ್ ಬಿಗಿಯಿರಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ವಾಹನದಲ್ಲಿ ಬಾಳುವುದಿಲ್ಲ. ಒಂದೇ ವಾಹನದಲ್ಲಿ ಆರೂ ಸೆಟ್ ಚಾರ್ಜ್ ಮಾಡುವ ದೊಡ್ಡ ಚಾರ್ಜರ್ ಹಾಕುವುದಾದರೆ ಬ್ಯಾಟರಿಯಿಂದ ಬೇರೆ ದಪ್ಪ ವೈರ್ ತಂದು, ಆ್ಯಕ್ಸೆಸರಿ ಲೈನಿನಿಂದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್-ಆಫ್ ಮಾಡುವ ಸ್ವಿಚ್) ಮಾತ್ರ ಓಡಿಸಿ.

ರಾತ್ರಿ ಎಂಜಿನ್ ನಿಲ್ಲಿಸಿ ಕಾವಲಿರುವ ಜೀಪಿನಲ್ಲಿ ಇದು ಚಾರ್ಜ್ ಮಾಡುವುದಿಲ್ಲ, ನಿಜ. ಅಲ್ಲಿ ಕೀ ತೆಗೆದ ಮೇಲೆ ಎರಡು ಗಂಟೆ ಕರೆಂಟ್ ಕೊಟ್ಟು ನಿಲ್ಲುವ ಟೈಮರ್ ರಿಲೇ ಹಾಕಬಹುದು.

ಸ್ಟ್ಯಾಂಡನ್ನು ಡ್ಯಾಶ್‌ಬೋರ್ಡ್ ಮೇಲಿಂದ ಇಳಿಸಿ, ಸೀಟುಗಳ ನಡುವೆ, ನೆರಳಿರುವ ಕಡೆ ಕೂರಿಸಿ. ಅಂಟು ಬಿಸಿಲಿಗೆ ಮೆತ್ತಗಾಗುತ್ತದೆ. ಬೋಲ್ಟ್, ಹಿಂದೆ ಒಂದು ತಗಡಿನ ಪಟ್ಟಿ, ನೈಲಾನ್ ಲಾಕ್ ನಟ್ ಬಳಸಿ. ಏರ್‌ಬ್ಯಾಗ್ ಇದ್ದರೆ ಅದು ತೆರೆದುಕೊಳ್ಳುವ ದಾರಿಯಲ್ಲಿ ಏನೂ ಇರಬಾರದು. 300 ಗ್ರಾಂ ತೂಗುವ ಸೆಟ್ ಜೋರು ಬ್ರೇಕಿಗೆ ಕಳಚಿ ಹಾರಿ ಯಾರಿಗಾದರೂ ಬಡಿದರೆ ಆಗುವ ಗಾಯ ಸಣ್ಣದಲ್ಲ. ವಾಹನ ನಿಲ್ಲಿಸಿ ಹೋಗುವಾಗ ಸೆಟ್ಟನ್ನು ಜತೆಗೆ ಒಯ್ಯುವುದನ್ನು ತಂಡದ ನಿಯಮ ಮಾಡಿ.

ನಿಮ್ಮ ತಂಡಕ್ಕೆ ನನ್ನ ಸಲಹೆ ಇಷ್ಟು: ಜೀಪುಗಳಿಗೆ ಒಂದೊಂದು ವಾಹನ ಚಾರ್ಜರ್, ಲಾರಿಗೆ ಚಾರ್ಜರೇ ಬೇಡ. ಆ ಹಣಕ್ಕೆ ಸೆಟ್ಟಿಗೊಂದರಂತೆ ಹೆಚ್ಚುವರಿ ಬ್ಯಾಟರಿ ಕೊಂಡು, ಮೇಜಿನ ಮೇಲೆ ಮೂಲ ಅಡಾಪ್ಟರಿನಿಂದಲೇ ಚಾರ್ಜ್ ಮಾಡಿ. 500 ಮಿಲಿಆಂಪಿಯರ್‌ನಲ್ಲಿ ನಾಲ್ಕೈದು ಗಂಟೆ ಹಿಡಿಯುತ್ತದೆ. ಒಂದು ಪಾಳಿ ಮುಗಿಯುವಷ್ಟರಲ್ಲಿ ಮುಂದಿನದು ಸಿದ್ಧ. ತಂಡ ಮಾತಾಡುವುದು ಬಹುಪಾಲು ವಾಹನದೊಳಗಿಂದಲೇ ಆದರೆ, ಪರವಾನಗಿ ಅನುಮತಿಸುವ ಶಕ್ತಿಯ ವಾಹನ ರೇಡಿಯೊ ಮತ್ತು ಮೇಲ್ಛಾವಣಿಯ ಆಂಟೆನಾ ಹಾಕಿಸುವುದು ಇದೆಲ್ಲಕ್ಕಿಂತ ಉತ್ತಮ. ತಗಡಿನ ಪೆಟ್ಟಿಗೆಯೊಳಗಿಂದ ಕೈಸೆಟ್ಟಿನ ಪುಟ್ಟ ಆಂಟೆನಾ ಶಕ್ತಿಯ ದೊಡ್ಡ ಪಾಲನ್ನು ಒಳಗೇ ಕಳೆದುಕೊಳ್ಳುತ್ತದೆ.

ಈಗಿರುವ ಆರು ಬ್ಯಾಟರಿಗಳನ್ನು ಒಂದೊಂದಾಗಿ ನೋಡಿ. ಮೇಜಿನ ಮೇಲೆ ಇಟ್ಟು ಅಲುಗಾಡಿಸಿದಾಗ ತೊಟ್ಟಿಲಂತೆ ತೂಗಿದರೆ ಅದು ಉಬ್ಬಿದೆ. ಮತ್ತೆ ಚಾರ್ಜಿಗೆ ಹಾಕದೆ, ಟರ್ಮಿನಲ್‌ಗಳಿಗೆ ಟೇಪ್ ಅಂಟಿಸಿ ಇ-ತ್ಯಾಜ್ಯಕ್ಕೆ ಕೊಡಿ. ಉಬ್ಬದವನ್ನು ಪೂರ್ತಿ ಚಾರ್ಜ್ ಮಾಡಿ, ತೆಗೆದು, ಒಂದು ಗಂಟೆ ಬಿಟ್ಟು ಅಳೆಯಿರಿ. 8.2 ವೋಲ್ಟ್‌ಗಿಂತ ಮೇಲಿದ್ದರೆ ಬಳಸಬಹುದು, 8ಕ್ಕಿಂತ ಕೆಳಗಿದ್ದರೆ ಒಂದು ಸೆಲ್ ಸೋತಿರಬಹುದು. ಖಾಲಿಯಾಗಿ 5 ವೋಲ್ಟ್‌ಗಿಂತ ಕೆಳಗೆ ಬಿದ್ದ ಪ್ಯಾಕನ್ನು ನೇರ ಕರೆಂಟ್ ಕೊಟ್ಟು ಎಬ್ಬಿಸುವ ಪ್ರಯತ್ನ ಬೇಡ. ಲಾರಿಯಲ್ಲಿ ಹೊಗೆಯಾಡಿದ ಸ್ಟ್ಯಾಂಡಿನಲ್ಲಿ ಆ ದಿನ ಇದ್ದ ಬ್ಯಾಟರಿ ಯಾವುದೆಂದು ಗೊತ್ತಿದ್ದರೆ, ಮೀಟರ್ ಏನೇ ತೋರಿಸಲಿ, ಅದನ್ನೂ ಬಳಕೆಯಿಂದ ತೆಗೆಯಿರಿ: 28 ವೋಲ್ಟ್ ತಾಗಿದ ರಕ್ಷಣಾ ಬೋರ್ಡ್ ಒಳಗೆ ಸುಟ್ಟಿದೆಯೇ ಎಂಬುದು ಹೊರಗಿನ ವೋಲ್ಟೇಜಿನಲ್ಲಿ ಕಾಣುವುದಿಲ್ಲ.